ಗರ್ಭಕೋಶ ತೆಗೆಸಿದ ಮೇಲೆ: ಕಾಣದ ಗಾಯಕ್ಕೂ ಕಾಲ ಬೇಕು

ಗರ್ಭಕೋಶ ತೆಗೆಸಿಕೊಂಡು ಮನೆಗೆ ಮರಳಿದವರು ಎಚ್ಚರ ತಪ್ಪುವುದು ಸಾಮಾನ್ಯವಾಗಿ ಮೊದಲ ವಾರದಲ್ಲಲ್ಲ. ಆಗ ನೋವೇ ಕಾವಲಿರುತ್ತದೆ, ಮನೆಯವರೂ ಸುತ್ತಮುತ್ತ ಇರುತ್ತಾರೆ. ಮೂರನೆಯ ವಾರದ ಹೊತ್ತಿಗೆ ಹೊಟ್ಟೆಯ ಮೇಲಿನ ಗಾಯ ಒಣಗಿ, ನಡಿಗೆ ಸಲೀಸಾಗಿ, ಇನ್ನೇನು ಎಲ್ಲ ಸರಿಹೋಯಿತು ಅನ್ನಿಸತೊಡಗುತ್ತದೆ. ನೀರು ತುಂಬಿದ ಬಕೆಟ್ಟಿಗೆ ಕೈ ಹಾಕುವುದು ಆಗಲೇ. ಕಣ್ಣಿಗೆ ಕಾಣುವ ಗಾಯ ಕೂಡಿಕೊಂಡಿತೆಂದ ಮಾತ್ರಕ್ಕೆ ಒಳಗಿನದೂ ಕೂಡಿಕೊಂಡಿದೆ ಎಂದು ಅರ್ಥವಲ್ಲ. ಇದೊಂದನ್ನು ನೆನಪಿಟ್ಟುಕೊಂಡರೆ ವೈದ್ಯರು ಹೇಳುವ ಬಹುಪಾಲು ಕಟ್ಟುಪಾಡುಗಳ ಕಾರಣ ತಾನಾಗಿ ತಿಳಿಯುತ್ತದೆ.

ಮೊದಲು ಡಿಸ್ಚಾರ್ಜ್ ಪತ್ರ ಓದಿ

ಆಸ್ಪತ್ರೆಯಿಂದ ಹೊರಡುವ ಮೊದಲೇ ಮೂರು ಸಂಗತಿಗಳನ್ನು ಕೇಳಿ ಬರೆದುಕೊಳ್ಳಿ. ಗರ್ಭಕೋಶದ ಜತೆಗೆ ಅದರ ಕೆಳತುದಿಯಾದ ಗರ್ಭಕಂಠವನ್ನೂ ತೆಗೆದಿದ್ದಾರೆಯೇ, ಅಂಡಾಶಯಗಳನ್ನು ಉಳಿಸಿದ್ದಾರೆಯೇ, ಶಸ್ತ್ರಚಿಕಿತ್ಸೆ ನಡೆದದ್ದು ಹೊಟ್ಟೆ ಕೊಯ್ದೋ, ಯೋನಿಯ ಮೂಲಕವೋ ಅಥವಾ ಸಣ್ಣ ತೂತುಗಳಿಂದ ಕ್ಯಾಮೆರಾ ಇಳಿಸಿ ಮಾಡುವ ಲ್ಯಾಪರೋಸ್ಕೋಪಿಯಿಂದಲೋ? ಹೊಟ್ಟೆ ಕೊಯ್ದವರಿಗೆ ಚೇತರಿಸಿಕೊಳ್ಳಲು ಸಾಮಾನ್ಯವಾಗಿ 6ರಿಂದ 8 ವಾರ ಹಿಡಿಯುತ್ತದೆ. ಉಳಿದ ಎರಡು ವಿಧಾನಗಳಲ್ಲಿ 3–4 ವಾರಗಳಲ್ಲೇ ದಿನನಿತ್ಯದ ಹಗುರ ಕೆಲಸಗಳಿಗೆ ಮರಳುವವರು ಬಹಳ ಮಂದಿ.

ಇಲ್ಲಿಯೇ ಒಂದು ತಪ್ಪು ಲೆಕ್ಕ ನುಸುಳುತ್ತದೆ. ಗರ್ಭಕಂಠವನ್ನೂ ತೆಗೆದಾಗ ಯೋನಿಯ ಮೇಲ್ತುದಿಯನ್ನು ಹೊಲಿಗೆ ಹಾಕಿ ಮುಚ್ಚಿರುತ್ತಾರೆ. ಹೊಟ್ಟೆಯ ಮೇಲೆ ಮೂರು ನಾಲ್ಕು ಸಣ್ಣ ತೂತುಗಳಷ್ಟೇ ಇದ್ದರೂ ಈ ಒಳಹೊಲಿಗೆ ಎಲ್ಲರಿಗೂ ಒಂದೇ. ಅದು ಅಪರೂಪಕ್ಕೆ ಬಿಚ್ಚಿಕೊಳ್ಳುವುದುಂಟು. ಹಾಗೆ ಬಿಚ್ಚಿಕೊಳ್ಳುವುದು ಉಳಿದ ವಿಧಾನಗಳಿಗಿಂತ ಲ್ಯಾಪರೋಸ್ಕೋಪಿಯ ಬಳಿಕವೇ ತುಸು ಹೆಚ್ಚು. ಬೇಗ ಎದ್ದು ಓಡಾಡುವವರಿಗೇ ಹೆಚ್ಚು ಸಂಯಮ ಬೇಕೆನ್ನುವುದು ಇದಕ್ಕಾಗಿ.

ಹಾಸಿಗೆಯಿಂದ ಏಳುವ ಬಗೆ

ಮಲಗಿದಲ್ಲಿಂದ ನೆಟ್ಟಗೆ ಎದ್ದು ಕೂರಲು ಹೋದರೆ ಹೊಟ್ಟೆಯ ಸ್ನಾಯುಗಳ ಮೇಲೆ ಪೂರ್ತಿ ಭಾರ ಬಿದ್ದು ಗಾಯ ಜಗ್ಗುತ್ತದೆ. ಹಾಗೆ ಮಾಡದೆ, ಎರಡೂ ಮೊಣಕಾಲು ಮಡಚಿ, ಭುಜ ಮತ್ತು ಸೊಂಟ ಒಟ್ಟಿಗೇ ತಿರುಗುವಂತೆ ಮಂಚದ ಅಂಚಿಗೆ ಮಗ್ಗುಲಾಗಿ. ಆಮೇಲೆ ಕಾಲುಗಳನ್ನು ಅಂಚಿನಿಂದ ಕೆಳಕ್ಕೆ ಇಳಿಬಿಡುತ್ತಾ, ಕೆಳಗಿನ ಮೊಣಕೈ ಮತ್ತು ಮೇಲಿನ ಅಂಗೈಯನ್ನು ಹಾಸಿಗೆಗೆ ಒತ್ತಿ, ಉಸಿರು ಬಿಡುತ್ತಾ ಮೇಲೇಳಿ. ಕೂತ ತಕ್ಷಣ ನಿಲ್ಲಬೇಡಿ. ತಲೆ ಸುತ್ತುವುದು ನಿಂತ ಮೇಲೆ ಪಾದ ಊರಿ ನಿಲ್ಲಿ. ಕೆಮ್ಮು, ಸೀನು ಬಂದಾಗ ಹೊಟ್ಟೆಗೆ ಅವುಚಿಕೊಳ್ಳಲು ಒಂದು ಚಿಕ್ಕ ದಿಂಬು ಪಕ್ಕದಲ್ಲಿರಲಿ. ನೋವಾಗುತ್ತದೆಂದು ಕೆಮ್ಮನ್ನು ತಡೆದರೆ ಕಫ ಶ್ವಾಸಕೋಶದಲ್ಲೇ ಉಳಿದು ಸೋಂಕಿಗೆ ದಾರಿಯಾಗಬಹುದು.

ಲ್ಯಾಪರೋಸ್ಕೋಪಿ ಆದವರಿಗೆ ಮೊದಲ ಎರಡು ಮೂರು ದಿನ ಭುಜ ನೋಯುವುದುಂಟು. ಹೊಟ್ಟೆಯೊಳಗೆ ತುಂಬಿದ್ದ ಇಂಗಾಲದ ಡೈಆಕ್ಸೈಡ್, ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುಪರದೆಯಾದ ವಪೆಯನ್ನು ಕೆಣಕುವುದರಿಂದ ಆ ನೋವು ಭುಜದಲ್ಲಿ ಕಾಣಿಸಿಕೊಳ್ಳುತ್ತದೆ, ಅಷ್ಟೇ. ರಕ್ತ ಆ ಅನಿಲವನ್ನು ಹೀರಿಕೊಂಡಂತೆ ನೋವೂ ಇಳಿಯುತ್ತದೆ.

ಮನೆಯೊಳಗೆ ದಿನಕ್ಕೆ ಹಲವು ಸಲ, ಐದೈದು ನಿಮಿಷವಾದರೂ ನಡೆಯಿರಿ. ಮಲಗಿರುವಾಗ ಪಾದಗಳನ್ನು ಮೇಲೆ ಕೆಳಗೆ ಆಡಿಸುತ್ತಿರಿ. ರಕ್ತ ಹೆಪ್ಪುಗಟ್ಟದಂತೆ ಚುಚ್ಚುಮದ್ದು ಅಥವಾ ಬಿಗಿ ಕಾಲುಚೀಲ ಕೊಟ್ಟಿದ್ದರೆ ಹೇಳಿದಷ್ಟು ದಿನ ತಪ್ಪದೆ ಬಳಸಿ.

ಮಲಬದ್ಧತೆಯನ್ನು ಕಡೆಗಣಿಸಬೇಡಿ

ಹೇಳಿಕೊಳ್ಳಲು ಸಂಕೋಚ, ಅನುಭವಿಸಲು ಸಂಕಟ. ಅರಿವಳಿಕೆ, ಪ್ರಬಲ ನೋವುನಿವಾರಕಗಳು, ಹಾಸಿಗೆವಾಸ ಮೂರೂ ಸೇರಿ ಕರುಳನ್ನು ಮಂದಗೊಳಿಸುತ್ತವೆ. ಮುಕ್ಕಿದರೆ ಒಳಹೊಲಿಗೆಯ ಮೇಲೆಯೇ ಒತ್ತಡ ಬೀಳುವುದರಿಂದ ಇದನ್ನು ಚಿಕ್ಕ ತೊಂದರೆ ಎನ್ನಲಾಗದು. ಸಾಕಷ್ಟು ನೀರು, ನಾರಿನಂಶದ ಆಹಾರ, ವೈದ್ಯರು ಬರೆದುಕೊಟ್ಟ ಮಲ ಮೆದುಗೊಳಿಸುವ ಔಷಧವನ್ನು ಮೊದಲ ದಿನದಿಂದಲೇ ಶುರುಮಾಡಿ. ಕಮೋಡ್ ಬಳಸುವವರು ಪಾದಗಳ ಕೆಳಗೆ ಗಿಡ್ಡನೆಯ ಮಣೆಯೊಂದನ್ನು ಇಟ್ಟುಕೊಂಡು ತುಸು ಮುಂದಕ್ಕೆ ಬಾಗಿ ಕೂತರೆ ಮುಕ್ಕುವ ಅಗತ್ಯ ಕಡಿಮೆಯಾಗುತ್ತದೆ.

ಸ್ರಾವ ಎಷ್ಟಾದರೆ ಸಹಜ?

ಕೆಂಪು, ಆಮೇಲೆ ಕಂದು, ಕೊನೆಗೆ ತಿಳಿ ಹಳದಿಯ ಸ್ರಾವ 6 ವಾರದವರೆಗೂ ಸ್ವಲ್ಪ ಸ್ವಲ್ಪವಾಗಿ ಇರಬಹುದು. ಒಳಹೊಲಿಗೆಯ ನೂಲು ಕರಗುವ ಹೊತ್ತಿನಲ್ಲಿ, ಸುಮಾರು ಎರಡನೆಯ ವಾರದ ಆಸುಪಾಸು, ನಿಂತಿದ್ದ ರಕ್ತ ಮತ್ತೆ ಹನಿಯಾಗಿ ಕಂಡರೆ ಗಾಬರಿ ಬೇಡ; ಕಾಳಜಿ ಬೇಕಾದದ್ದು ಅದರ ಪ್ರಮಾಣದ ಬಗ್ಗೆ. ಗಂಟೆಗೊಂದು ಪ್ಯಾಡ್ ತೊಯ್ದು ಹೋಗುತ್ತಿದ್ದರೆ, ದೊಡ್ಡ ಹೆಪ್ಪುಗಳು ಬೀಳುತ್ತಿದ್ದರೆ ಆಸ್ಪತ್ರೆಗೆ ಹೊರಡಿ. ಸ್ರಾವಕ್ಕೆ ದುರ್ವಾಸನೆ ಬಂದರೆ ಅಂದೇ ವೈದ್ಯರಿಗೆ ತಿಳಿಸಿ. ಬಳಸಬೇಕಾದದ್ದು ಪ್ಯಾಡ್ ಮಾತ್ರ. ಯೋನಿಯೊಳಗೆ ಏನನ್ನೂ ಇಡಬಾರದು, ಒಳಗೆ ನೀರು ಹಾಯಿಸಿ ತೊಳೆಯಲೂಬಾರದು.

ಆರು ವಾರದ ಗಡಿ

ಸಾಮಾನ್ಯವಾಗಿ ಹೇಳುವ ಲೆಕ್ಕ ಹೀಗಿದೆ: 6 ವಾರದವರೆಗೆ 4–5 ಕಿಲೋಗಿಂತ ಹೆಚ್ಚು ಭಾರ ಎತ್ತುವಂತಿಲ್ಲ. ಎಳೆಮಗು ತೊಡೆಯೇರಿ ಕೂತರೆ ಅಡ್ಡಿಯಿಲ್ಲ, ಬಗ್ಗಿ ಎತ್ತಿಕೊಳ್ಳುವುದು ಬೇಡ. ವಾಹನ ಓಡಿಸುವ ಮೊದಲು, ನಿಂತ ವಾಹನದಲ್ಲೇ ಕೂತು ಬ್ರೇಕನ್ನು ಒಮ್ಮೆಲೇ ಬಲವಾಗಿ ಒತ್ತಿ ನೋಡಿ. ಆಗ ಹೊಟ್ಟೆ ಹಿಡಿದುಕೊಂಡರೆ ಇನ್ನೂ ಕಾಯಬೇಕೆಂದೇ ಅರ್ಥ. ಮಂಪರು ತರುವ ನೋವಿನ ಮಾತ್ರೆ ನುಂಗುತ್ತಿರುವಷ್ಟು ದಿನ ಓಡಿಸುವ ಮಾತೇ ಇಲ್ಲ. ಲೈಂಗಿಕ ಸಂಪರ್ಕಕ್ಕೆ ಕನಿಷ್ಠ 6 ವಾರ ಕಳೆದು, ವೈದ್ಯರು ಒಳಹೊಲಿಗೆ ಪರೀಕ್ಷಿಸಿ ಒಪ್ಪಿಗೆ ಕೊಟ್ಟಿರಬೇಕು. ಕೆಲವರಿಗೆ ಇನ್ನಷ್ಟು ವಾರ ಕಾಯಲು ಹೇಳುವುದೂ ಉಂಟು. ಹಠಾತ್ ನೋವಿನೊಂದಿಗೆ ಯೋನಿಯಿಂದ ನೀರು ಅಥವಾ ರಕ್ತ ಹರಿದರೆ, ಏನೋ ಕೆಳಗೆ ಜಾರಿ ಬಂದಂತಾದರೆ, ಒಳಹೊಲಿಗೆ ಬಿಚ್ಚಿರಬಹುದು. ಒಳಗೆ ತಳ್ಳಲು ಹೋಗದೆ, ಏನನ್ನೂ ತಿನ್ನದೆ ಕುಡಿಯದೆ, ತುರ್ತು ಚಿಕಿತ್ಸೆಗೆ ಹೋಗಿ.

ತೊಡಕುಗಳನ್ನು ಗುರುತಿಸುವುದು

ಜ್ವರದಿಂದ ಶುರುಮಾಡೋಣ. ದಿನಕ್ಕೆರಡು ಸಲ ಥರ್ಮಾಮೀಟರ್ ಇಟ್ಟು ನೋಡಿ, ಆದರೆ ಪ್ಯಾರಸಿಟಮಾಲ್ ನುಂಗುವ ಮೊದಲು. ನುಂಗಿದ ಮೇಲೆ ನೋಡಿದರೆ ಮಾತ್ರೆಯೇ ಜ್ವರವನ್ನು ಮರೆಮಾಚಿಬಿಡುತ್ತದೆ. 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿದರೆ, ಗಾಯದ ಸುತ್ತ ಕೆಂಪು ಹರಡುತ್ತಿದ್ದರೆ, ಕೀವು ಒಸರಿದರೆ ಅದು ಸೋಂಕಿನ ಲಕ್ಷಣ.

ಮೂತ್ರದ ವಿಷಯ ಸೂಕ್ಷ್ಮವಾದದ್ದು, ಹೆಚ್ಚು ನಿರ್ಲಕ್ಷ್ಯಕ್ಕೊಳಗಾಗುವುದೂ ಅದೇ. ಉರಿ, ಪದೇ ಪದೇ ಅವಸರ ಕಂಡರೆ ಮೂತ್ರದ ಸೋಂಕು ಇರಬಹುದು. ಪರೀಕ್ಷೆ ಮಾಡಿಸಿ ಔಷಧ ತೆಗೆದುಕೊಂಡರೆ ವಾಸಿಯಾಗುತ್ತದೆ. ಕೆಮ್ಮಿದಾಗ, ನಕ್ಕಾಗ ಹನಿ ಹೋಗುವುದು ಬೇರೆ. ಅದಕ್ಕೆ ವಸ್ತಿಕುಹರದ, ಅಂದರೆ ಸೊಂಟದ ತಳಭಾಗದ, ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ವ್ಯಾಯಾಮವಿದೆ. ಆದರೆ ಶಸ್ತ್ರಚಿಕಿತ್ಸೆಯಾದ ಒಂದೆರಡು ವಾರಗಳಲ್ಲಿ, ಅವಸರವೇ ಅನ್ನಿಸದೆ, ಮಲಗಿದ್ದಾಗಲೂ ಬಿಡದೆ ಯೋನಿಯಿಂದ ನೀರು ಸೋರತೊಡಗಿದರೆ ಅದನ್ನು ಬಿಳಿಸೆರಗು ಎಂದುಕೊಂಡು ಸುಮ್ಮನಿರಬೇಡಿ. ಮೂತ್ರಕೋಶಕ್ಕೋ, ಮೂತ್ರಪಿಂಡದಿಂದ ಅದಕ್ಕೆ ಇಳಿಯುವ ಮೂತ್ರನಾಳಕ್ಕೋ ಪೆಟ್ಟಾಗಿ, ಮೂತ್ರ ಯೋನಿಗೆ ದಾರಿ ಮಾಡಿಕೊಂಡಿರುವ ಸಾಧ್ಯತೆ ಇದೆ. ಅಂಥ ತೂತು ಚಿಕ್ಕದಿದ್ದು ಬೇಗ ಪತ್ತೆಯಾದರೆ ಕೆಲವು ವಾರ ಮೂತ್ರದ ಕೊಳವೆ ಹಾಕಿಡುವುದರಿಂದಲೇ ಮುಚ್ಚಿಕೊಳ್ಳಬಹುದು. ಇಲ್ಲವಾದರೆ ಶಸ್ತ್ರಚಿಕಿತ್ಸೆಯಿಂದ ಸರಿಪಡಿಸುತ್ತಾರೆ. ಪಕ್ಕೆಯಲ್ಲಿ ನೋವು, ಜತೆಗೆ ಜ್ವರವಿದ್ದರೂ ಮೂತ್ರನಾಳದ ಕಡೆ ಗಮನ ಹೋಗಬೇಕು.

ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ, ನೋಯುತ್ತಿದ್ದರೆ ಉಜ್ಜಿ ಮಾಲೀಶು ಮಾಡಬೇಡಿ, ಅಂದೇ ತೋರಿಸಿ. ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಎದೆ ನೋಯ್ದರೆ ಅಥವಾ ಕೆಮ್ಮಿನಲ್ಲಿ ರಕ್ತ ಕಂಡರೆ ಆಂಬುಲೆನ್ಸ್ ಕರೆಸಿ; ರಕ್ತ ಹೆಪ್ಪುಗಟ್ಟುವ ಈ ಅಪಾಯ ಆಸ್ಪತ್ರೆಯಿಂದ ಹೊರಬಂದ ಮೇಲೂ ಕೆಲವು ವಾರ ಉಳಿದಿರುತ್ತದೆ. ಹೊಟ್ಟೆ ಉಬ್ಬಿ, ವಾಂತಿಯಾಗಿ, ಮಲವೂ ವಾಯುವೂ ನಿಂತುಹೋದರೆ ಕರುಳಿಗೆ ತಡೆಯಾಗಿರಬಹುದು. ಆಗ ಭೇದಿ ಮಾತ್ರೆ ನುಂಗಿ ಕಾಯುವುದು ತಪ್ಪು.

ಅಂಡಾಶಯ ಮತ್ತು ಮನಸ್ಸು

ಎರಡೂ ಅಂಡಾಶಯ ತೆಗೆದಿದ್ದರೆ, ಮುಟ್ಟು ಇನ್ನೂ ನಿಲ್ಲದ ವಯಸ್ಸಿನವರಿಗೆ ಕೆಲವೇ ದಿನಗಳಲ್ಲಿ ಮೈಯೆಲ್ಲ ಝಳ ಹಾಯುವುದು, ರಾತ್ರಿ ಬೆವರುವುದು, ನಿದ್ದೆಗೇಡು ಶುರುವಾಗಬಹುದು. ಗರ್ಭಕೋಶ ಇಲ್ಲದಿರುವುದರಿಂದ ಈಸ್ಟ್ರೋಜನ್ ಎಂಬ ಹಾರ್ಮೋನು ಒಂದನ್ನೇ ಕೊಟ್ಟರೂ ಸಾಮಾನ್ಯವಾಗಿ ಸಾಕಾಗುತ್ತದೆ; ಸ್ತನ ಕ್ಯಾನ್ಸರ್ ಮುಂತಾದ ಹಿನ್ನೆಲೆ ಇರುವವರ ಲೆಕ್ಕ ಬೇರೆ. ವಯಸ್ಸು 45ಕ್ಕಿಂತ ಕಡಿಮೆಯಿದ್ದರೆ ಮೂಳೆ ಮತ್ತು ಹೃದಯದ ದೃಷ್ಟಿಯಿಂದ ಹಾರ್ಮೋನು ಚಿಕಿತ್ಸೆಯ ಮಾತನ್ನು ನೀವಾಗಿಯೇ ಎತ್ತಿ. ಅಂಡಾಶಯ ಉಳಿದಿದ್ದವರಿಗೂ ಋತುಬಂಧ ತುಸು ಬೇಗ ಬರಬಹುದು, ಮುಟ್ಟಿಲ್ಲದ ಕಾರಣ ಅದು ಗೊತ್ತಾಗದೆಯೂ ಹೋಗಬಹುದು.

ವರ್ಷಗಟ್ಟಲೆ ಕಾಡಿದ ರಕ್ತಸ್ರಾವ ನಿಂತಿತೆಂದು ನಿಟ್ಟುಸಿರು ಬಿಡುವವರೂ ಇದ್ದಾರೆ, ಏನನ್ನೋ ಕಳೆದುಕೊಂಡೆನೆಂದು ಅಳುವವರೂ ಇದ್ದಾರೆ. ಎರಡೂ ಒಬ್ಬರಲ್ಲೇ ಇರಬಹುದು. ಎರಡು ವಾರ ದಾಟಿದರೂ ಮಂಕು ಕವಿದೇ ಇದ್ದರೆ ಅದನ್ನೂ ವೈದ್ಯರ ಮುಂದೆ ಹೇಳಿ. ಜ್ವರದಂತೆ ಅದಕ್ಕೂ ಚಿಕಿತ್ಸೆಯಿದೆ.

ಆರನೆಯ ವಾರದ ಭೇಟಿ

ಈ ಭೇಟಿಯಲ್ಲಿ ಒಳಹೊಲಿಗೆ ನೋಡುತ್ತಾರೆ. ಗಾಯ ಕೂಡುವಾಗ ಹೆಚ್ಚುವರಿಯಾಗಿ ಬೆಳೆದ ಮೃದು ಅಂಗಾಂಶದಿಂದ ಆಗಾಗ ರಕ್ತ ಕಾಣುತ್ತಿದ್ದರೆ, ಸಿಲ್ವರ್ ನೈಟ್ರೇಟ್ ಕಡ್ಡಿ ಮುಟ್ಟಿಸಿ ಅಲ್ಲಿಯೇ ಗುಣಪಡಿಸಬಹುದು. ತೆಗೆದ ಗರ್ಭಕೋಶದ ಪರೀಕ್ಷಾ ವರದಿಯನ್ನು ಕೇಳಿ ಪಡೆದು, ಡಿಸ್ಚಾರ್ಜ್ ಪತ್ರದೊಂದಿಗೆ ಒಂದೇ ಕಡತದಲ್ಲಿಡಿ. ಗರ್ಭಕಂಠ ಉಳಿದಿದ್ದರೆ, ಅದರ ಕ್ಯಾನ್ಸರನ್ನು ಮೊದಲೇ ಪತ್ತೆಹಚ್ಚುವ ಪ್ಯಾಪ್ ಪರೀಕ್ಷೆ ಮುಂದುವರಿಯಬೇಕು. ತೆಗೆದಿದ್ದು, ಹಿಂದೆ ಕ್ಯಾನ್ಸರ್ ಅಥವಾ ಅದರ ಪೂರ್ವಲಕ್ಷಣಗಳು ಇರದಿದ್ದರೆ ಸಾಮಾನ್ಯವಾಗಿ ಬೇಕಿಲ್ಲ. ಹತ್ತು ವರ್ಷದ ಮೇಲೆ ಹೊಸ ವೈದ್ಯರೊಬ್ಬರು ಗರ್ಭಕಂಠ ಇದೆಯೇ ಎಂದು ಕೇಳಿದಾಗ ಆ ಕಡತ ತೆಗೆದು ತೋರಿಸಬಹುದು.