ಎಮರ್ಜೆನ್ಸಿಗೆ ಹೊಸ ಬೆಡ್ ಹಾಕುವ ಮೊದಲು ಇಷ್ಟು ಮಾಡಿ

ಎಮರ್ಜೆನ್ಸಿ ವಿಭಾಗ ತುಂಬಿಹೋಗಿದೆ ಅಂದ ಕೂಡಲೇ ಇನ್ನಷ್ಟು ಬೆಡ್ ಹಾಕೋಣ ಅಂತ ಹೊರಡುತ್ತಾರೆ. ಸ್ವಲ್ಪ ತಡೆಯಿರಿ. ಮೊದಲು ಹತ್ತು ರೋಗಿಗಳ ಜೊತೆ ಬಾಗಿಲಿನಿಂದ ಕೊನೆಯವರೆಗೂ ನಡೆಯಿರಿ. ಬಂದ ಹೊತ್ತು, ಡಾಕ್ಟರ್ ನೋಡಿದ ಹೊತ್ತು, ರಿಪೋರ್ಟ್ ಕೈಗೆ ಬಂದ ಹೊತ್ತು, ವಾರ್ಡಿಗೆ ಹೋದ ಹೊತ್ತು, ಎಲ್ಲ ಬರೆದುಕೊಳ್ಳಿ. ರಾತ್ರಿ ಪಾಳಿಯನ್ನೂ ಬಿಡಬೇಡಿ.

ಲೆಕ್ಕ ಸುಲಭ. ಗಂಟೆಗೆ 6 ಜನ ಬಂದು, ಒಬ್ಬೊಬ್ಬರು 4 ಗಂಟೆ ಉಳಿದರೆ, ಒಳಗೆ ಸರಾಸರಿ 24 ಜನ ಇರುತ್ತಾರೆ. ಆ 4 ಗಂಟೆಯನ್ನು 3ಕ್ಕೆ ಇಳಿಸಿದರೆ 18 ಜನ. ಒಂದು ಇಟ್ಟಿಗೆಯನ್ನೂ ಇಡದೆ 6 ಬೆಡ್ ಸಿಕ್ಕ ಹಾಗಾಯಿತು, ಅಲ್ವಾ?

ಆ ಒಂದು ಗಂಟೆ ಎಲ್ಲಿ ಹೋಗುತ್ತಿದೆ? ಅಡ್ಮಿಟ್ ಮಾಡಬೇಕು ಅಂತ ತೀರ್ಮಾನವಾಗಿಯೂ ವಾರ್ಡಿನಲ್ಲಿ ಬೆಡ್ ಖಾಲಿ ಇಲ್ಲದೆ ಎಮರ್ಜೆನ್ಸಿಯಲ್ಲೇ ಮಲಗಿರುತ್ತಾರಲ್ಲ, ಮೊದಲು ಅವರನ್ನು ಎಣಿಸಿ. ಅವರೇ ಜಾಸ್ತಿ ಇದ್ದರೆ ಸರಿಪಡಿಸಬೇಕಾದದ್ದು ವಾರ್ಡನ್ನು. ಮರುದಿನ ಮನೆಗೆ ಹೋಗುವವರ ಡಿಸ್ಚಾರ್ಜ್ ಕಾಗದ, ಔಷಧಿ ಚೀಟಿ ಹಿಂದಿನ ಸಂಜೆಯೇ ತಯಾರಾಗಲಿ. ಬೆಳಿಗ್ಗೆ ಬೇಗ ಬೆಡ್ ಖಾಲಿಯಾಗುತ್ತದೆ. ಇದನ್ನು ಎಮರ್ಜೆನ್ಸಿಯವರು ಒಬ್ಬರೇ ಮಾಡಲಾರರು, ಇಡೀ ಆಸ್ಪತ್ರೆ ಕೈ ಜೋಡಿಸಬೇಕು.

ಇನ್ನು ಮುಂಬಾಗಿಲು. ಅಲ್ಲಿ ಅನುಭವ ಇರುವ ನರ್ಸ್ ನಿಂತು ಯಾರನ್ನು ಮೊದಲು ನೋಡಬೇಕು ಅಂತ ವಿಂಗಡಿಸಲಿ, ಅದಕ್ಕೇ ಟ್ರಯಾಜ್ ಅನ್ನುವುದು. ಹೆಸರು, ವಿಳಾಸ, ಬಿಲ್ಲು ಆಮೇಲೆ. ಎದೆನೋವು ಅಂತ ಬಂದವರ ಇಸಿಜಿ ತೆಗೆದು 10 ನಿಮಿಷದೊಳಗೆ ಡಾಕ್ಟರ್ ನೋಡಿರಬೇಕು. ಮುಖ ಸೊಟ್ಟಗಾಗಿ, ಮಾತು ತೊದಲುತ್ತಾ ಬಂದವರನ್ನು ಸುಮ್ನೆ ಬೆಡ್ಡಿನಲ್ಲಿ ಕಾಯಿಸಬೇಡಿ. ಸ್ಟ್ರೋಕ್ ತಂಡಕ್ಕೆ ಕೂಡಲೇ ಹೇಳಿ ಬೇಗ ಸಿಟಿ ಸ್ಕ್ಯಾನಿಗೆ ಒಯ್ಯಿರಿ. ಸಣ್ಣ ಗಾಯ, ಉಳುಕು ಇರುವವರಿಗೆ ಬೇರೆ ಕೋಣೆ, ಬೇರೆ ಡಾಕ್ಟರ್ ಇರಲಿ. ಅವರಿಗೆ ಕುರ್ಚಿ ಸಾಕು.

ಜಾಗದ ವಿಷಯದಲ್ಲಿ ನಾನು ಪಟ್ಟು ಹಿಡಿಯುವುದು ಕೆಲವಕ್ಕೆ ಮಾತ್ರ. ಆಂಬುಲೆನ್ಸಿಗೆ ಬೇರೆ ಬಾಗಿಲು, ಅದಕ್ಕೆ ಅಂಟಿಕೊಂಡೇ ಜೀವ ಉಳಿಸುವ ಕೋಣೆ, ಸಿಟಿ ಸ್ಕ್ಯಾನ್ ಕೋಣೆ ಹತ್ತಿರದಲ್ಲೇ. ನರ್ಸ್ ಕೂತಲ್ಲಿಂದಲೇ ಸೀರಿಯಸ್ ರೋಗಿಗಳು ಕಣ್ಣಿಗೆ ಬೀಳಬೇಕು. ಎಲ್ಲ ಕೋಣೆಯಲ್ಲೂ ಆಕ್ಸಿಜನ್, ಸಕ್ಷನ್ (ಬಾಯಿ, ಗಂಟಲಿನ ಕಫ ಎಳೆದು ತೆಗೆಯುವ ಸಾಧನ), ಗ್ಲೌಸ್ ಒಂದೇ ಜಾಗದಲ್ಲಿರಲಿ. ಅವಸರದಲ್ಲಿ ಕೈ ತಾನಾಗಿ ಅಲ್ಲಿಗೆ ಹೋಗುತ್ತದೆ.

ಗೋಡೆ ಎಬ್ಬಿಸುವ ಮೊದಲು ಖಾಲಿ ಜಾಗದ ನೆಲಕ್ಕೆ ಟೇಪ್ ಅಂಟಿಸಿ ಕೋಣೆಗಳನ್ನು ಗುರುತು ಮಾಡಿ. ನರ್ಸ್, ಡಾಕ್ಟರ್, ವಾರ್ಡ್ ಬಾಯ್ ಎಲ್ಲರನ್ನೂ ಕರೆದು ನಿಜವಾದ ಸ್ಟ್ರೆಚರ್ ತಳ್ಳಿಸಿ. ಎಲ್ಲಿ ತಿರುಗುವುದಿಲ್ಲವೋ ಅಲ್ಲಿ ಟೇಪ್ ಕಿತ್ತು ಬೇರೆ ಕಡೆ ಅಂಟಿಸಿ.