ಎಫ್5 ಒತ್ತದೆ ನಡೆಯುವ ಲೈವ್ ಚಾಟ್

ಶಿರಸಿ ಕಡೆಯ ಗೆಳೆಯನೊಬ್ಬ ಜೇನುತುಪ್ಪ, ಹಲಸಿನ ಹಪ್ಪಳ ಮಾರುವ ವೆಬ್‌ಸೈಟ್ ನಡೆಸುತ್ತಾನೆ. ಪುಟದ ಬಲಮೂಲೆಗೆ ಚಾಟ್ ಗುಂಡಿ ಕೂರಿಸಿದ ಎರಡನೇ ದಿನ ಫೋನ್ ಮಾಡಿದ. 'ಗಿರಾಕಿ ಕೇಳಿದ್ದು ಕಾಣ್ತದೆ ಮಾರಾಯ, ಆದ್ರೆ ಎಫ್5 ಒತ್ತಿದ್ರೆ ಮಾತ್ರ.' ಬೆಳಗಿನಿಂದ ಎರಡೆರಡು ನಿಮಿಷಕ್ಕೊಮ್ಮೆ, ಪುಟವನ್ನು ಮತ್ತೆ ತೆರೆಸುವ ಆ ಗುಂಡಿ ಕುಟ್ಟುತ್ತ ಕೂತಿದ್ದನಂತೆ. ಈ ಕಾಯಿಲೆಯನ್ನು ನಾನು ನೋಡಿದ್ದು ಅದೇ ಮೊದಲಲ್ಲ. ಪ್ರತಿ ಸಲವೂ ಲಕ್ಷಣ ಒಂದೇ, ಕಾರಣ ಮಾತ್ರ ಬೇರೆ. ಹಾಗಾಗಿ ಸುಲಭದ ಹಂತಗಳನ್ನು ಒಂದೊಂದು ಸಾಲಿನಲ್ಲಿ ಮುಗಿಸಿ, ಜನ ಎಡವುವ ಜಾಗದಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ನಾನು ಹಾಕುವುದು ಚಾಟ್‌ವುಟ್. ಸೈಟಿಗೆ ಚಾಟ್ ಕೂರಿಸುವ ಮುಕ್ತ ತಂತ್ರಾಂಶ, ಮುಖ್ಯ ಭಾಗಕ್ಕೆ ಎಂಐಟಿ ಪರವಾನಗಿ ಇದೆ. ಎಂಟರ್‌ಪ್ರೈಸ್ ಎಂಬ ಫೋಲ್ಡರ್‌ಗೆ ಬೇರೆ ಪರವಾನಗಿ. ಅದು ಬೇಡವೆನ್ನುವವರು ಹೆಸರಿನ ಕೊನೆಗೆ 'ಸಿಇ' ಇರುವ ಇಮೇಜ್ (ತಂತ್ರಾಂಶದ ಸಿದ್ಧ ಪೊಟ್ಟಣ) ಬಳಸಬಹುದು. ನಿಮ್ಮದು ಹಲವರು ಒಂದೇ ಸರ್ವರ್ ಹಂಚಿಕೊಳ್ಳುವ ಶೇರ್ಡ್ ಹೋಸ್ಟಿಂಗ್ ಆಗಿದ್ದರೆ ಈ ಲೇಖನ ಇಲ್ಲಿಗೇ ಬಿಡಿ. ಪಿಎಚ್‌ಪಿ ಮತ್ತು ಮೈಎಸ್‌ಕ್ಯೂಎಲ್ ಮೇಲೆ ಓಡುವ ಲೈವ್ ಹೆಲ್ಪರ್ ಚಾಟ್ ನಿಮಗೆ ಸರಿ. ಚಾಟ್‌ವುಟ್‌ಗೆ ಪೂರ್ತಿ ನಿಮ್ಮ ಕೈಯಲ್ಲಿರುವ ಲಿನಕ್ಸ್ ಸರ್ವರ್ ಬೇಕು.

ಆದೇಶಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಟೈಪಿಸುವಾಗ ಇಂಗ್ಲಿಷ್ ಸಣ್ಣಕ್ಷರ ಬಳಸಿ. 'ಮೈನಸ್' ಎಂದಲ್ಲಿ '-' ಚಿಹ್ನೆ, 'ಡಾಟ್' ಎಂದಲ್ಲಿ ಚುಕ್ಕಿ.

ಹಂತ 1: ಸರ್ವರ್

ಉಬುಂಟು, ಎರಡು ಕೋರ್, 4 ಜಿಬಿ ರ್‍ಯಾಮ್. 1 ಜಿಬಿಯ ಅಗ್ಗದ ಸರ್ವರ್ ಹಿಡಿದು ಅದರಲ್ಲೇ ವರ್ಡ್‌ಪ್ರೆಸ್, ಅದರಲ್ಲೇ ಚಾಟ್ ಎಂದು ಹೊರಡುವುದು ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬಂತೆ. ಮೊದಲ ದಿನ ನಡೆಯುತ್ತದೆ. ಮೆಮೊರಿ ತುಂಬಿದ ದಿನ ಕರ್ನೆಲ್ ಯಾವುದೋ ಒಂದು ಪ್ರಕ್ರಿಯೆಯನ್ನು ಕೊಂದು ಸುಮ್ಮನಾಗುತ್ತದೆ. ಮೆಮೊರಿ ಸಾಲದಾಗ ಡಿಸ್ಕಿನಲ್ಲಿ ಒದಗುವ 2 ಜಿಬಿ ಸ್ವಾಪ್ ಫೈಲ್ ಕೂಡ ಮಾಡಿಡಿ.

ಹಂತ 2: ಹೆಸರು

'ಚಾಟ್' ಎಂಬ ಉಪಡೊಮೈನ್ ಮಾಡಿ, ಹೆಸರನ್ನು ಐಪಿಗೆ ಜೋಡಿಸುವ ಅದರ 'ಎ' ದಾಖಲೆಯನ್ನು ಸರ್ವರಿನ ಐಪಿಗೆ ತಿರುಗಿಸಿ. ಮುಖ್ಯ ಸೈಟಿನ ಒಳಗೊಂದು ಫೋಲ್ಡರಿನಲ್ಲಿ ಕೂರಿಸುತ್ತೇನೆಂದು ಹಟ ಹಿಡಿಯಬೇಡಿ.

ಹಂತ 3: ಡಾಕರ್

ಡಾಕರ್ ಎಂದರೆ ತಂತ್ರಾಂಶವನ್ನು ಅದರ ಸಾಮಾನಿನ ಸಮೇತ ಬೇರೆ ಡಬ್ಬಿಯಲ್ಲಿ (ಕಂಟೇನರ್) ಓಡಿಸುವ ಸಾಧನ. ಡಾಕರಿನ ಅಧಿಕೃತ ಆಪ್ಟ್ ರೆಪೊಸಿಟರಿಯಿಂದ ಹಾಕಿ. ಉಬುಂಟು ಹಾಕುವಾಗಲೇ 'ಡಾಕರ್ ಬೇಕೇ' ಎಂದು ಕೇಳಿ ಕೊಡುವ ಸ್ನ್ಯಾಪ್ ಆವೃತ್ತಿ ಬೇಡ. ಅದಕ್ಕೆ ಹೋಮ್ ಫೋಲ್ಡರಿನ ಆಚೆಯ ಫೈಲು ಕಾಣುವುದಿಲ್ಲ. ಆಮೇಲೆ ಫೈಲು ಕಣ್ಣೆದುರೇ ಇದ್ದರೂ 'ಫೈಲ್ ಇಲ್ಲ' ಎನ್ನುತ್ತದೆ, ನೀವು ತಲೆ ಕೆರೆದುಕೊಳ್ಳುತ್ತೀರಿ.

ಡಾಕರ್ ಇಲ್ಲದೆ ನೇರವಾಗಿ ಹಾಕುವ ಸ್ಕ್ರಿಪ್ಟನ್ನೂ ಚಾಟ್‌ವುಟ್‌ನವರು ಕೊಡುತ್ತಾರೆ. ಖಾಲಿ ಸರ್ವರಿಗೆ ಅದು ಚೆನ್ನ. ಬೇರೆ ಸೈಟುಗಳು ಈಗಾಗಲೇ ಓಡುತ್ತಿರುವ ಸರ್ವರಿಗೆ ನಾನು ಅದನ್ನು ತಾಗಿಸುವುದಿಲ್ಲ. ರೂಬಿ (ಭಾಷೆ), ಪೋಸ್ಟ್‌ಗ್ರೆಸ್ (ಡೇಟಾಬೇಸ್), ರೆಡಿಸ್ (ಕೆಲಸಗಳ ಸರದಿ ಇಡುವ ಜಾಗ), ಎನ್‌ಜಿನ್‌ಎಕ್ಸ್ (ವೆಬ್ ಸರ್ವರ್) ಎಲ್ಲವನ್ನೂ ಅದು ಮನೆಯೊಳಗೇ ಹರಡಿಕೊಳ್ಳುತ್ತದೆ.

ಹಂತ 4: ಎರಡು ಫೈಲು, ಮೂರು ಗುಟ್ಟು

ಚಾಟ್‌ವುಟ್‌ನ ಗಿಟ್‌ಹಬ್‌ನಿಂದ ಎರಡು ಫೈಲು ಇಳಿಸಿಕೊಳ್ಳಿ. ಸೆಟ್ಟಿಂಗ್‌ಗಳಿರುವ ಮಾದರಿ ಎನ್ವ್ ಫೈಲನ್ನು 'ಡಾಟ್ ಎನ್ವ್' ಎಂದೂ ಯಾವ ಕಂಟೇನರ್ ಓಡಬೇಕೆಂದು ಹೇಳುವ ಪ್ರೊಡಕ್ಷನ್ ಕಂಪೋಸ್ ಫೈಲನ್ನು 'ಡಾಕರ್-ಕಂಪೋಸ್ ಡಾಟ್ ವೈಎಎಂಎಲ್' ಎಂದೂ ಉಳಿಸಿ. ಈಗ ಗುಟ್ಟುಗಳನ್ನು ತುಂಬಬೇಕು: ಸೀಕ್ರೆಟ್ ಕೀ ಬೇಸ್, ಪೋಸ್ಟ್‌ಗ್ರೆಸ್ ಪಾಸ್‌ವರ್ಡ್, ರೆಡಿಸ್ ಪಾಸ್‌ವರ್ಡ್.

ಜಾಣತನ ತೋರಿಸಲು ಹೋಗಿ ಡಾಲರ್, ಹ್ಯಾಷ್, ಆಶ್ಚರ್ಯಸೂಚಕ ಎಲ್ಲ ಸೇರಿಸಿದ ಪಾಸ್‌ವರ್ಡ್ ಇಡಬೇಡಿ. ಕಂಪೋಸ್ ಫೈಲಿನಲ್ಲಿ ಡಾಲರ್ ಚಿಹ್ನೆ ಕಂಡರೆ ಮುಂದಿನದನ್ನು ಚರಾಕ್ಷರವೆಂದು ತಿಳಿದು ಡಾಕರ್ ಅರ್ಧ ಪಾಸ್‌ವರ್ಡ್ ನುಂಗುತ್ತದೆ. 'ಓಪನ್‌ಎಸ್‌ಎಸ್‌ಎಲ್ ರ್‍ಯಾಂಡ್ ಮೈನಸ್ ಹೆಕ್ಸ್ 64' ಎಂದು ಕೊಟ್ಟರೆ ಬರೀ ಅಂಕಿ, ಅಕ್ಷರಗಳ ಉದ್ದ ಸರ ಬರುತ್ತದೆ. ಸೀಕ್ರೆಟ್ ಕೀಗೆ ಅದು ಸಾಕು. ಪಾಸ್‌ವರ್ಡ್‌ಗಳಿಗೆ 64ರ ಬದಲು 24 ಕೊಡಿ.

ಪೋಸ್ಟ್‌ಗ್ರೆಸ್ ಪಾಸ್‌ವರ್ಡನ್ನು ಎರಡು ಕಡೆ ಬರೆಯಬೇಕು, ಎನ್ವ್ ಫೈಲಿನಲ್ಲೊಮ್ಮೆ, ಕಂಪೋಸ್ ಫೈಲಿನಲ್ಲೊಮ್ಮೆ. ಒಂದು ಕಡೆ ಮರೆತು ಚಾಲೂ ಮಾಡಿ, ತಪ್ಪು ತಿಳಿದ ಮೇಲೆ ತಿದ್ದಿ, 'ಈಗಲೂ ಒಳಗೆ ಬಿಡುತ್ತಿಲ್ಲವಲ್ಲ' ಎನ್ನುವವರೇ ಹೆಚ್ಚು. ಪೋಸ್ಟ್‌ಗ್ರೆಸ್ ಆ ಪಾಸ್‌ವರ್ಡನ್ನು ಓದುವುದು ಮೊದಲ ಸಲ ತನ್ನ ಗೋದಾಮು ಕಟ್ಟಿಕೊಳ್ಳುವಾಗ ಮಾತ್ರ. ಆಮೇಲೆ ಫೈಲಿನಲ್ಲಿ ಏನು ಬರೆದರೂ ಅದು ತಿರುಗಿ ನೋಡುವುದಿಲ್ಲ. ಇನ್ನೂ ಯಾವ ಮಾಹಿತಿಯೂ ಇಲ್ಲದ ಮೊದಲ ದಿನವಾದರೆ 'ಡಾಕರ್ ಕಂಪೋಸ್ ಡೌನ್ ಮೈನಸ್ ವಿ' ಕೊಟ್ಟು ಎಲ್ಲ ಅಳಿಸಿ ಮತ್ತೆ ಶುರುಮಾಡಿ. ಗಿರಾಕಿಗಳ ಮಾತುಕತೆ ತುಂಬಿದ ಮೇಲೆ ಆ 'ಮೈನಸ್ ವಿ' ಕೈಗೆ ಬಂದರೆ ಎಲ್ಲವೂ ಹೋಯಿತು.

ಇನ್ನೂ ಎರಡು ಮಾತು. ಕಂಪೋಸ್ ಫೈಲಿನಲ್ಲಿರುವ ಪೋಸ್ಟ್‌ಗ್ರೆಸ್ ಇಮೇಜ್ ಪಿಜಿವೆಕ್ಟರ್ ಎಂಬ ಹೆಚ್ಚುವರಿ ಭಾಗ ಸೇರಿದ್ದು. 'ಇದ್ಯಾಕೆ' ಎಂದು ತೆಗೆದು ಸಾದಾ ಪೋಸ್ಟ್‌ಗ್ರೆಸ್ ಹಾಕಿದರೆ ಡೇಟಾಬೇಸ್ ಸಿದ್ಧತೆ ನಡುವೆಯೇ ನಿಲ್ಲುತ್ತದೆ. ಪೋರ್ಟುಗಳ ಮುಂದೆ 127.0.0.1 (ಈ ಯಂತ್ರದೊಳಗೆ ಮಾತ್ರ) ಎಂದು ಇರುವುದನ್ನು 'ಪರೀಕ್ಷೆಗೆ' ಎಂದು ಅಳಿಸಬೇಡಿ. ಯುಎಫ್‌ಡಬ್ಲ್ಯು ಫೈರ್‌ವಾಲ್ ಇದೆಯಲ್ಲ ಎನ್ನುತ್ತೀರಿ. ಡಾಕರ್ ತೆರೆದ ಪೋರ್ಟು ಯುಎಫ್‌ಡಬ್ಲ್ಯು ನಿಯಮವನ್ನು ತಪ್ಪಿಸಿಕೊಂಡೇ ಹಾದುಹೋಗುತ್ತದೆ. ನಿಮ್ಮ ಡೇಟಾಬೇಸ್ ಊರಿಗೆಲ್ಲ ಬಾಗಿಲು ತೆರೆದು ಕೂರುತ್ತದೆ.

ಎನ್ವ್ ಫೈಲಿನ 'ಫ್ರಂಟ್‌ಎಂಡ್ ಯುಆರ್‌ಎಲ್' ಸಾಲಿನಲ್ಲಿ 0.0.0.0:3000 ಎಂದಿರುತ್ತದೆ. ಅಲ್ಲಿ ಎಚ್‌ಟಿಟಿಪಿಎಸ್ ಸಮೇತ ನಿಮ್ಮ ಉಪಡೊಮೈನ್ ಬರೆಯಿರಿ, ಕೊನೆಗೆ ಓರೆಗೆರೆ ಬೇಡ. ವೆಬ್‌ಸೈಟಿಗೆ ಅಂಟಿಸುವ ಕೋಡ್ ತುಣುಕಿನ ವಿಳಾಸ, ಮೇಲ್‌ನಲ್ಲಿ ಹೋಗುವ ಕೊಂಡಿ ಎರಡೂ ಹುಟ್ಟುವುದು ಇದರಿಂದಲೇ. ಖಾತೆ ನೋಂದಣಿಯ ಸಾಲನ್ನು 'ಫಾಲ್ಸ್' ಮಾಡಿ.

'ಡಾಕರ್ ಕಂಪೋಸ್ ರನ್ ಮೈನಸ್ ಮೈನಸ್ ಆರ್‌ಎಂ ರೈಲ್ಸ್ ಬಂಡಲ್ ಎಕ್ಸೆಕ್ ರೈಲ್ಸ್ ಡಿಬಿ:ಚಾಟ್‌ವುಟ್_ಪ್ರಿಪೇರ್', ಆಮೇಲೆ 'ಡಾಕರ್ ಕಂಪೋಸ್ ಅಪ್ ಮೈನಸ್ ಡಿ'. ಸರ್ವರಿನ ಒಳಗಿಂದಲೇ ಕರ್ಲ್ ಬಳಸಿ 127.0.0.1:3000/ಎಪಿಐ ಕೇಳಿ ನೋಡಿ. ಆವೃತ್ತಿ ಸಂಖ್ಯೆಯ ಜೊತೆ ಕ್ಯೂ ಮತ್ತು ಡೇಟಾ ಎರಡಕ್ಕೂ 'ಓಕೆ' ಬಂದರೆ ಒಳಮನೆ ಸರಿ ಇದೆ.

ಎನ್ವ್ ಫೈಲನ್ನು ಆಮೇಲೆ ತಿದ್ದಿದರೆ 'ರೀಸ್ಟಾರ್ಟ್' ಸಾಲದು. ಅದು ಹಳೆಯ ಕಂಟೇನರನ್ನೇ ಎಬ್ಬಿಸುತ್ತದೆ, ಹೊಸ ಮೌಲ್ಯ ಓದುವುದಿಲ್ಲ. ಮತ್ತೆ 'ಅಪ್ ಮೈನಸ್ ಡಿ' ಕೊಡಬೇಕು. ಇದನ್ನು ತಿಳಿಯದೆ ನಾನೇ ಒಂದು ಸಂಜೆ ಕಳೆದಿದ್ದೇನೆ.

ಹಂತ 5: ಎನ್‌ಜಿನ್‌ಎಕ್ಸ್, ಅಂದರೆ ಎಫ್5 ಕಾಯಿಲೆ ಹುಟ್ಟುವ ಜಾಗ

ಮಾಮೂಲಿ ವೆಬ್‌ಪುಟ ಅಂಚೆಯಿದ್ದಂತೆ. ಬ್ರೌಸರ್ ಕೇಳುತ್ತದೆ, ಸರ್ವರ್ ಕೊಡುತ್ತದೆ, ವ್ಯವಹಾರ ಮುಗಿಯಿತು. ಚಾಟ್‌ಗೆ ಅದು ಸಾಲದು. ಫೋನ್ ಕರೆಯಂತೆ ತೆರೆದೇ ಇರುವ ಗೆರೆ ಬೇಕು. ಅದಕ್ಕೆ ವೆಬ್‌ಸಾಕೆಟ್ ಎಂದು ಹೆಸರು, 2011ರಲ್ಲಿ ಮಾನಕವಾಯಿತು. ಬ್ರೌಸರ್ ಮೊದಲು ಮಾಮೂಲಿ ಕೋರಿಕೆಯನ್ನೇ ಕಳಿಸಿ, ಅದರ ಜೊತೆ 'ಅಪ್‌ಗ್ರೇಡ್', 'ಕನೆಕ್ಷನ್' ಎಂಬ ಎರಡು ಚೀಟಿ (ಹೆಡರ್) ಇಡುತ್ತದೆ. ಸರ್ವರ್ ಒಪ್ಪಿದರೆ 101 ಎಂಬ ಸಂಕೇತ ಬರುತ್ತದೆ. ಅಲ್ಲಿಂದ ಗೆರೆ ತೆರೆದಿರುತ್ತದೆ.

ತೊಂದರೆ ಏನೆಂದರೆ ಆ ಎರಡು ಚೀಟಿಗಳೂ ಒಂದು ನಿಲ್ದಾಣಕ್ಕೆ ಮಾತ್ರ ಸೇರಿದವು. ಬ್ರೌಸರಿಗೂ ಚಾಟ್‌ವುಟ್‌ಗೂ ನಡುವೆ ನಿಂತು ಕೋರಿಕೆ ದಾಟಿಸುವ ಎನ್‌ಜಿನ್‌ಎಕ್ಸ್ ಅವನ್ನು ತಾನಾಗಿ ಮುಂದಕ್ಕೆ ದಾಟಿಸುವುದಿಲ್ಲ, ನಾವೇ ಹೇಳಬೇಕು. ಹೇಳದಿದ್ದರೆ ಪುಟ ತೆರೆಯುತ್ತದೆ, ಲಾಗಿನ್ ಆಗುತ್ತದೆ, ಸಂದೇಶ ಡೇಟಾಬೇಸಿಗೂ ಸೇರುತ್ತದೆ. ಇನ್ನೊಂದು ತುದಿಯವರಿಗೆ ತಟ್ಟಿ ಹೇಳುವವರು ಮಾತ್ರ ಇಲ್ಲ. ಎಲ್ಲವೂ ಸರಿಯಿದ್ದಂತೆ ಕಾಣುವುದರಿಂದಲೇ ಜನ ಇಲ್ಲಿ ದಿನಗಟ್ಟಲೆ ಸಿಕ್ಕಿಬೀಳುತ್ತಾರೆ.

ಎನ್‌ಜಿನ್‌ಎಕ್ಸ್ ಫೈಲಿನ ಲೊಕೇಶನ್ ಬ್ಲಾಕಿನ ಒಳಗೆ ಇರಬೇಕಾದವು ಇವು: ಪ್ರಾಕ್ಸಿ ಪಾಸ್ 127.0.0.1:3000ಕ್ಕೆ, ಪ್ರಾಕ್ಸಿ ಎಚ್‌ಟಿಟಿಪಿ ಆವೃತ್ತಿ 1.1, ಅಪ್‌ಗ್ರೇಡ್ ಚೀಟಿಗೆ ಬಂದ ಮೌಲ್ಯವೇ, ಕನೆಕ್ಷನ್ ಚೀಟಿಗೆ 'ಅಪ್‌ಗ್ರೇಡ್' ಎಂಬ ಪದ, ಹೋಸ್ಟ್, ಎಕ್ಸ್-ಫಾರ್ವರ್ಡೆಡ್-ಫಾರ್, ಎಕ್ಸ್-ಫಾರ್ವರ್ಡೆಡ್-ಪ್ರೋಟೊ. ಕೊನೆಯದನ್ನು ಬಿಟ್ಟು, ಎನ್ವ್‌ನಲ್ಲಿ ಫೋರ್ಸ್ ಎಸ್‌ಎಸ್‌ಎಲ್ ಹಾಕಿದರೆ ಪುಟ ತನ್ನ ಬಾಲವನ್ನು ತಾನೇ ಅಟ್ಟಿಸಿಕೊಂಡು ಸುತ್ತುತ್ತದೆ. ಸರ್ವರ್ ಬ್ಲಾಕಿನಲ್ಲಿ 'ಅಂಡರ್‌ಸ್ಕೋರ್ಸ್ ಇನ್ ಹೆಡರ್ಸ್ ಆನ್' ಕೂಡ ಸೇರಿಸಿ. ಚಾಟ್‌ವುಟ್‌ನ ಎಪಿಐ ಟೋಕನ್ ಹೆಸರಿನಲ್ಲಿ ಅಡಿಗೆರೆ ಇದೆ, ಅಂಥ ಹೆಡರನ್ನು ಎನ್‌ಜಿನ್‌ಎಕ್ಸ್ ಸದ್ದಿಲ್ಲದೆ ಬಿಸಾಡುತ್ತದೆ.

'ಎಲ್ಲ ಬರೆದಿದ್ದೇನೆ, ಆದರೂ ಆಗುತ್ತಿಲ್ಲ' ಎನ್ನುವವರ ಫೈಲು ತೆರೆದು ನೋಡಿದರೆ ಬಹಳ ಸಲ ಕಾಣುವುದು ಇದು: ಅಪ್‌ಗ್ರೇಡ್ ಸಾಲುಗಳು ಮೇಲಿನ ಸರ್ವರ್ ಬ್ಲಾಕಿನಲ್ಲಿ, ಹೋಸ್ಟ್ ಸಾಲು ಕೆಳಗಿನ ಲೊಕೇಶನ್ ಬ್ಲಾಕಿನಲ್ಲಿ. ಮೇಲಿನದು ಕೆಳಗಿಳಿಯುತ್ತದೆ ಎಂಬ ನಂಬಿಕೆ. ಎನ್‌ಜಿನ್‌ಎಕ್ಸ್‌ನಲ್ಲಿ 'ಪ್ರಾಕ್ಸಿ ಸೆಟ್ ಹೆಡರ್' ಕೆಳಗಿನ ಬ್ಲಾಕಿನಲ್ಲಿ ಒಂದೇ ಒಂದಿದ್ದರೂ ಮೇಲಿನ ಅಷ್ಟೂ ಸಾಲು ರದ್ದು. ಅಪ್ಪನ ಆಸ್ತಿ ಬರುವುದು ಮಗ ಸ್ವಂತದ್ದೇನೂ ಮಾಡಿಕೊಳ್ಳದಿದ್ದರೆ ಮಾತ್ರ. ಎಲ್ಲವನ್ನೂ ಒಂದೇ ಲೊಕೇಶನ್ ಬ್ಲಾಕಿಗೆ ತನ್ನಿ.

ಕಂಟ್ರೋಲ್ ಪ್ಯಾನೆಲ್ ಇರುವ ಸರ್ವರಾದರೆ ಇನ್ನೊಂದು ಪೀಡೆ. ನೀವು ತಿದ್ದಿದ ಫೈಲನ್ನು ಪ್ಯಾನೆಲ್ ಮುಂದಿನ ಸಲ ತಾನೇ ಬರೆದು ಅಳಿಸಿಬಿಡಬಹುದು. ಅದರಲ್ಲಿ 'ಹೆಚ್ಚುವರಿ ನಿರ್ದೇಶನ' ಎಂಬಂಥ ಪೆಟ್ಟಿಗೆ ಇದ್ದರೆ ಅಲ್ಲೇ ಬರೆಯಿರಿ. ನನ್ನ ಮಾತು ಕೇಳುವುದಾದರೆ ಚಾಟ್ ಸರ್ವರಿಗೆ ಪ್ಯಾನೆಲ್ಲೇ ಬೇಡ. ಅಪಾಚೆ ಬಳಸುವವರಿಗೆ 2.4.47ರಿಂದ ಪ್ರಾಕ್ಸಿ ಪಾಸ್ ಸಾಲಿನಲ್ಲೇ 'ಅಪ್‌ಗ್ರೇಡ್=ವೆಬ್‌ಸಾಕೆಟ್' ಎಂದು ಹೇಳುವ ಅನುಕೂಲವಿದೆ.

'ಎನ್‌ಜಿನ್‌ಎಕ್ಸ್ ಮೈನಸ್ ಟಿ' ಎಂದು ಪರೀಕ್ಷಿಸಿ, ರೀಲೋಡ್ ಮಾಡಿ, ಸರ್ಟ್‌ಬಾಟ್‌ನಿಂದ ಎಚ್‌ಟಿಟಿಪಿಎಸ್ ಪ್ರಮಾಣಪತ್ರ ಪಡೆಯಿರಿ. ಸೈಟು ಎಚ್‌ಟಿಟಿಪಿಎಸ್, ಚಾಟ್ ಬರೀ ಎಚ್‌ಟಿಟಿಪಿ ಆದರೆ ಬ್ರೌಸರ್ ಗುಂಡಿಯನ್ನೇ ತೋರಿಸುವುದಿಲ್ಲ.

ವಿಳಾಸ ಜೀವಂತವಾದ ಕೂಡಲೇ ತೆರೆದು ನಿರ್ವಾಹಕ ಖಾತೆ ಮಾಡಿಬಿಡಿ. ಆ ಸ್ವಾಗತ ಪುಟ ಮೊದಲು ಬಂದವರಿಗೆ ಯಜಮಾನಿಕೆ ಕೊಡುತ್ತದೆ, ಬಂದದ್ದು ನೀವೇ ಎಂಬ ಖಾತ್ರಿ ಅದಕ್ಕಿಲ್ಲ. ಚಹಾ ಆಮೇಲೆ ಕುಡಿಯಿರಿ.

ಈಗ ಊಹೆ ಬಿಟ್ಟು ನೋಡಿ. ಬ್ರೌಸರಿನಲ್ಲಿ ಎಫ್12 ಒತ್ತಿ, ನೆಟ್‌ವರ್ಕ್ ವಿಭಾಗದಲ್ಲಿ 'ಡಬ್ಲ್ಯುಎಸ್' ಆರಿಸಿ ಪುಟವನ್ನು ಮತ್ತೆ ತೆರೆಯಿರಿ. 'ಕೇಬಲ್' ಎಂಬ ಸಾಲು ಕಾಣಬೇಕು, ಅದರ ಮುಂದೆ 101 ಇರಬೇಕು. ಒಳಗೆ ಮೂರು ಸೆಕೆಂಡಿಗೊಮ್ಮೆ 'ಪಿಂಗ್' ಬರುತ್ತಿರಬೇಕು. 101 ಬದಲು 400 ಅಥವಾ 404 ಇದ್ದರೆ ತಪ್ಪನ್ನು ಎನ್‌ಜಿನ್‌ಎಕ್ಸ್‌ನಲ್ಲೇ ಹುಡುಕಿ.

101 ಇದೆ, ಪಿಂಗ್ ಇದೆ, ಆದರೂ ಸಂದೇಶ ರೀಫ್ರೆಶ್ ಇಲ್ಲದೆ ಬರುತ್ತಿಲ್ಲವೇ? ಹಾಗಾದರೆ ಎನ್‌ಜಿನ್‌ಎಕ್ಸನ್ನು ಬಿಡಿ, ಸೈಡ್‌ಕಿಕ್ ಎಂಬ ಕಂಟೇನರ್ ನೋಡಿ. ಹೊಸ ಸಂದೇಶ ಬಂದಿದೆ ಎಂದು ಡಂಗುರ ಸಾರುವ ಕೆಲಸ ಪುಟ ಕೊಡುವ ರೈಲ್ಸ್ ಕಂಟೇನರಿನದಲ್ಲ. ಅದು ಕೆಲಸವನ್ನು ರೆಡಿಸ್‌ನ ಸಾಲಿನಲ್ಲಿ ಇಡುತ್ತದೆ, ಎತ್ತಿಕೊಂಡು ಸಾರುವುದು ಸೈಡ್‌ಕಿಕ್. ಗೆಳೆಯನ ಕಥೆ ಇದೇ ಆಗಿತ್ತು. 'ಡಾಕರ್ ಕಂಪೋಸ್ ಪಿಎಸ್ ಮೈನಸ್ ಎ' ಕೊಟ್ಟಾಗ ಸೈಡ್‌ಕಿಕ್ ಮುಂದೆ 137 ಎಂಬ ನಿರ್ಗಮನ ಸಂಖ್ಯೆ: ಬಲವಂತವಾಗಿ ಕೊಲ್ಲಲಾಗಿದೆ. ಕರ್ನೆಲ್ ಲಾಗ್ ತೆಗೆದರೆ ಕಾರಣವೂ ಸಿಕ್ಕಿತು, ಮೆಮೊರಿ ಮುಗಿದಿತ್ತು. ಎನ್‌ಜಿನ್‌ಎಕ್ಸ್ ಫೈಲನ್ನು ಅವನು ಹನ್ನೊಂದು ಸಲ ತಿದ್ದಿದ್ದ, ಅದರಲ್ಲಿ ತಪ್ಪೇ ಇರಲಿಲ್ಲ.

ಹಂತ 6: ಮೇಲ್

ಸರ್ವರಿನಿಂದ ನೇರ 25ನೇ ಪೋರ್ಟಿನಲ್ಲಿ ಕಳಿಸುವ ಆಸೆ ಬಿಡಿ, ಬಹುತೇಕ ಕ್ಲೌಡ್ ಕಂಪನಿಗಳು ಅದನ್ನು ಮುಚ್ಚಿರುತ್ತವೆ. ಮೇಲ್ ಕಳಿಸಿಕೊಡುವ ಯಾವುದಾದರೂ ಎಸ್‌ಎಂಟಿಪಿ ಸೇವೆಯ ವಿವರವನ್ನು 587ನೇ ಪೋರ್ಟಿನೊಂದಿಗೆ ಎನ್ವ್‌ನಲ್ಲಿ ತುಂಬಿ. ಮೇಲ್ ನಿಮ್ಮದೇ ಎಂದು ಸಾರುವ ಎಸ್‌ಪಿಎಫ್, ಡಿಕೆಐಎಂ ದಾಖಲೆಗಳನ್ನು ಡೊಮೈನಿಗೆ ಸೇರಿಸಿ.

ಹಂತ 7: ಗುಂಡಿ

ಇನ್‌ಬಾಕ್ಸ್ ಸೇರಿಸಿ, ವೆಬ್‌ಸೈಟ್ ಆರಿಸಿ, ಕೊಟ್ಟ ತುಣುಕನ್ನು ಸೈಟಿನ ಬಾಡಿ ಮುಗಿಯುವ ಮುಂಚೆ ಅಂಟಿಸಿ. ಕ್ಯಾಶ್ ಪ್ಲಗಿನ್ ಇದ್ದರೆ ಖಾಲಿ ಮಾಡಿ. ಜಾವಾಸ್ಕ್ರಿಪ್ಟನ್ನು 'ಹಿಂದೂಡುವ', 'ಒಗ್ಗೂಡಿಸುವ' ವೇಗವರ್ಧಕ ಪ್ಲಗಿನ್‌ಗಳು ಗುಂಡಿ ಕಾಣೆಯಾಗಲು ನಾನು ಕಂಡ ಮುಖ್ಯ ಕಾರಣ; ಈ ತುಣುಕನ್ನು ಅವುಗಳ ವಿನಾಯಿತಿ ಪಟ್ಟಿಗೆ ಸೇರಿಸಿ.

ಹಂತ 8: ಬ್ಯಾಕಪ್ ಮತ್ತು ನವೀಕರಣ

ಇಮೇಜ್ ಹೆಸರಿನ ಮುಂದೆ 'ಲೇಟೆಸ್ಟ್' ಬಿಟ್ಟು ನಿರ್ದಿಷ್ಟ ಆವೃತ್ತಿ ಬರೆಯಿರಿ. ನವೀಕರಿಸುವ ಮುಂಚೆ ಪಿಜಿ ಡಂಪ್ (ಡೇಟಾಬೇಸಿನ ನಕಲು) ತೆಗೆಯಿರಿ, ಗಿರಾಕಿಗಳು ಕಳಿಸಿದ ಚಿತ್ರಗಳಿರುವ ಸ್ಟೋರೇಜ್ ವಾಲ್ಯೂಮನ್ನೂ ನಕಲಿಸಿ, ಎರಡನ್ನೂ ಬೇರೆ ಯಂತ್ರಕ್ಕೆ ಸಾಗಿಸಿ. ಆಮೇಲೆ ಪುಲ್, ಡೇಟಾಬೇಸ್ ಸಿದ್ಧತೆಯ ಅದೇ ಆದೇಶ, ಅಪ್.

ಸ್ವಾಗತದ ಸಾಲನ್ನು ಕನ್ನಡದಲ್ಲೇ ಬರೆಯಿರಿ, ಅಕ್ಷರ ಒಡೆಯುವುದಿಲ್ಲ. ಇನ್‌ಬಾಕ್ಸ್ ಸೆಟ್ಟಿಂಗ್‌ನಲ್ಲಿ ಕೆಲಸದ ವೇಳೆ ತುಂಬಿ, ಸಮಯವಲಯವನ್ನು ಕೋಲ್ಕತ್ತ ಎಂದು ಆರಿಸಿ. ಗೆಳೆಯ ಇದನ್ನು ಮಾಡಿರಲಿಲ್ಲ. ಎಲ್ಲ ಸರಿಯಾದ ದಿನ ರಾತ್ರಿ ಹನ್ನೊಂದೂವರೆಗೆ ಅವನ ಮೊಬೈಲು ಕುಣಿಯಿತು, ಎಫ್5 ಇಲ್ಲದೆ ಬಂದ ಮೊದಲ ಸಂದೇಶ: 'ಹಪ್ಪಳಕ್ಕೆ ಖಾರ ಜಾಸ್ತಿ ಇದೆಯಾ?'