ಹಳೇ ಗಾಡಿಗೆ ಹೊಸ ಮೀಟರ್: ಮೆಕ್ಯಾನಿಕಲ್ಲಾ, ಎಲೆಕ್ಟ್ರಿಕ್ಕಾ?

ಹಳೇ ಜೀಪ್, ಅಂಬಾಸಿಡರ್, ಪದ್ಮಿನಿಗಳನ್ನು ಬಿಚ್ಚಿ, ತಮ್ಮಿಷ್ಟದಂತೆ ಮತ್ತೆ ಕಟ್ಟಿ ಓಡಿಸುವವರು ಎಂಜಿನ್, ಪೇಂಟ್, ಸೀಟ್ ಎಲ್ಲದಕ್ಕೂ ತಲೆ ಕೆಡಿಸಿಕೊಳ್ಳುತ್ತಾರೆ. ಮೀಟರ್‌ಗಳ ಸರದಿ ಬಂದಾಗ ಮಾತ್ರ ಡಯಲ್ ಚೆಂದ ಇರುವುದನ್ನು ತಂದು ಕೂರಿಸಿಬಿಡುತ್ತಾರೆ. ಬೇಸಿಗೆಯಲ್ಲಿ 40 ಡಿಗ್ರಿ ಸುಲಭವಾಗಿ ದಾಟುವ ಕಲಬುರಗಿಯಲ್ಲಿ ಟೆಂಪರೇಚರ್ ಮೀಟರ್ ಸುಳ್ಳು ಹೇಳಿದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಅದರ ಮೇಲಿನ ಸಿಲಿಂಡರ್ ಹೆಡ್ ನಡುವಿನ ಸೀಲ್) ಹೋಗುತ್ತದೆ, ಕೆಲವೊಮ್ಮೆ ಹೆಡ್ಡೇ ಬೆಂಡ್ ಆಗುತ್ತದೆ.

ಮೆಕ್ಯಾನಿಕಲ್ ಮೀಟರ್‌ಗೆ ಕರೆಂಟ್ ಬೇಕಿಲ್ಲ, ಒಳಗಿನ ದೀಪಕ್ಕೆ ಮಾತ್ರ ಬೇಕು. ಆಯಿಲ್ ಪ್ರೆಶರ್ ಮೀಟರ್ ಆದರೆ ಎಂಜಿನ್‌ನಿಂದ ಸಣ್ಣ ಪೈಪ್‌ನಲ್ಲಿ ಆಯಿಲ್ಲೇ ಡ್ಯಾಶ್‌ಬೋರ್ಡ್‌ವರೆಗೆ ಬರುತ್ತದೆ. ಟೆಂಪರೇಚರ್ ಮೀಟರ್‌ನಲ್ಲಿ ಮಾತ್ರ ಎಂಜಿನ್ ನೀರು ಒಳಗೆ ಬರುವುದಿಲ್ಲ. ಒಂದು ಬಲ್ಬ್ (ದೀಪವಲ್ಲ, ನೀರಿನ ಬಿಸಿ ಹಿಡಿಯುವ ಸಣ್ಣ ಲೋಹದ ತುದಿ), ಅದರಿಂದ ಹೊರಟ ಸಣ್ಣ ತಾಮ್ರದ ನಳಿಕೆ, ಎರಡೂ ಕಂಪನಿಯಲ್ಲೇ ಸೀಲ್ ಆಗಿರುತ್ತವೆ. ಎಲೆಕ್ಟ್ರಿಕ್‌ನಲ್ಲಿ ಎಂಜಿನ್‌ಗೆ ಸೆಂಡರ್ (ಅಳತೆಯನ್ನು ವೈರ್‌ನಲ್ಲಿ ಕಳಿಸುವ ಸೆನ್ಸರ್) ಕೂತಿರುತ್ತದೆ, ಮೀಟರ್‌ವರೆಗೆ ಬರುವುದು ವೈರ್ ಅಷ್ಟೇ.

ಆರಿಸುವಾಗ ಒಂದು ಮಾತು ನೆನಪಿಡಿ. ಬಿಸಿ ಆಯಿಲ್, ಪೆಟ್ರೋಲ್, ದೊಡ್ಡ ಕರೆಂಟ್ ಈ ಮೂರೂ ಕ್ಯಾಬಿನ್ ಒಳಗೆ ಬರಬಾರದು. ಹಾಗಾಗಿ ಆಯಿಲ್ ಪ್ರೆಶರ್‌ಗೆ ಎಲೆಕ್ಟ್ರಿಕ್ ಹಾಕಿ. ಪೈಪ್ ಒಡೆದರೆ ಕಾಲ ಮೇಲೆ ಸುಡುವ ಆಯಿಲ್ ಬೀಳುತ್ತದೆ, ಎಂಜಿನ್ ಆಯಿಲ್ ಕೂಡ ಖಾಲಿಯಾಗುತ್ತದೆ. ಪೆಟ್ರೋಲ್ ಪಂಪ್‌ನ ಪ್ರೆಶರ್ ನೋಡಬೇಕೆಂದರೂ ಎಲೆಕ್ಟ್ರಿಕ್ಕೇ. ಹಳೇ ಆಂಪ್ ಮೀಟರ್‌ನಲ್ಲಿ ಗಾಡಿಯ ಚಾರ್ಜಿಂಗ್ ಕರೆಂಟೆಲ್ಲ ಡ್ಯಾಶ್‌ಬೋರ್ಡ್ ಹಿಂದೆ ಹಾದು ಹೋಗುತ್ತದೆ, ನಟ್ ಸಡಿಲವಾದರೆ ಬೆಂಕಿಯ ಭಯ. ಅದರ ಬದಲು ವೋಲ್ಟ್ ಮೀಟರ್ ಸಾಕು. ಟೆಂಪರೇಚರ್‌ಗೆ ಮಾತ್ರ ನನ್ನ ಆಯ್ಕೆ ಮೆಕ್ಯಾನಿಕಲ್. ಬ್ಯಾಟರಿ ಇಳಿದರೂ, ಅರ್ಥ್ ಕೆಟ್ಟರೂ ಅದು ಸರಿಯಾಗಿ ತೋರಿಸುತ್ತದೆ.

ಎಲೆಕ್ಟ್ರಿಕ್ ತಗೊಂಡರೆ ಮೀಟರ್ ಮತ್ತು ಸೆಂಡರ್ ಒಂದೇ ಜೋಡಿಯದ್ದಾಗಿರಲಿ. ಇಲ್ಲಿಯೇ ಜಾಸ್ತಿ ಜನ ಎಡವುವುದು. ಅಮೆರಿಕದ ಒಂದು ಮಾದರಿಯ ಪೆಟ್ರೋಲ್ ಸೆಂಡರ್ ಟ್ಯಾಂಕ್ ಖಾಲಿ ಇದ್ದಾಗ 240 ಓಮ್ (ಕರೆಂಟಿಗೆ ಒಡ್ಡುವ ತಡೆಯ ಅಳತೆ), ತುಂಬಿದಾಗ 33 ಓಮ್ ಕೊಡುತ್ತದೆ. ಯುರೋಪಿನ ಒಂದು ಮಾದರಿ ಖಾಲಿಗೆ 10, ತುಂಬಿದಾಗ 180. ಒಂದರ ಸೆಂಡರನ್ನು ಇನ್ನೊಂದರ ಮೀಟರ್‌ಗೆ ಜೋಡಿಸಿದರೆ ಖಾಲಿ ಟ್ಯಾಂಕ್ ಇದ್ದಾಗ ಮುಳ್ಳು ಫುಲ್ ತೋರಿಸುತ್ತದೆ! ಗಾಡಿ 6 ವೋಲ್ಟ್‌ದೋ 12 ವೋಲ್ಟ್‌ದೋ ಅನ್ನುವುದನ್ನೂ ಕೊಳ್ಳುವ ಮುಂಚೆ ನೋಡಿ. ಕೆಲವು ಹಳೇ ಬ್ರಿಟಿಷ್ ಗಾಡಿಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿಯೇ ಬಾಡಿಗೆ ಸೇರಿರುತ್ತದೆ, ಅದೂ ಗಮನದಲ್ಲಿರಲಿ.

ಮೆಕ್ಯಾನಿಕಲ್ ಟೆಂಪರೇಚರ್ ಮೀಟರ್ ಕೂರಿಸುವ ಮುಂಚೆ ಅಡುಗೆಮನೆಯಲ್ಲೇ ಪರೀಕ್ಷೆ ಮಾಡಬಹುದು. ಕುದಿಯುವ ನೀರಿನಲ್ಲಿ ಬಲ್ಬ್ ಅದ್ದಿ. ಕಲಬುರಗಿ ಸಮುದ್ರ ಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು 98 ಡಿಗ್ರಿ ದಾಟಿದ ಕೂಡಲೇ ಕುದಿಯುತ್ತದೆ. ಬೀದರ್ ಇನ್ನೂ ಎತ್ತರ, ಅಲ್ಲಿ ಸ್ವಲ್ಪ ಕಡಿಮೆ. ಮುಳ್ಳು ಅದರ ಆಸುಪಾಸಿನಲ್ಲಿ ನಿಂತರೆ ಸರಿ.

ಈಗ ಕೆಲಸ. ಎಂಜಿನ್ ಪೂರ್ತಿ ತಣ್ಣಗಾಗಲಿ. ಬ್ಯಾಟರಿಯಿಂದ ಅರ್ಥ್ ಕೇಬಲ್ ಬಿಚ್ಚಿ. ರೇಡಿಯೇಟರ್ ನೀರು ಸ್ವಲ್ಪ ಇಳಿಸಿ. ಸಾಮಾನ್ಯ ಮೀಟರ್‌ಗೆ ಡ್ಯಾಶ್‌ಬೋರ್ಡ್‌ನಲ್ಲಿ 52 ಮಿಲಿಮೀಟರ್ ತೂತು ಬೇಕು. ಟೆಂಪರೇಚರ್ ಬಲ್ಬ್ ಸಿಲಿಂಡರ್ ಹೆಡ್‌ನಲ್ಲಿ, ಥರ್ಮೋಸ್ಟಾಟ್‌ಗೆ (ಎಂಜಿನ್ ಬಿಸಿಯಾದ ಮೇಲೆ ತೆರೆದು ನೀರನ್ನು ರೇಡಿಯೇಟರ್‌ಗೆ ಬಿಡುವ ವಾಲ್ವ್) ಮುಂಚೆ ಇರಲಿ. ಥರ್ಮೋಸ್ಟಾಟ್ ದಾಟಿದ ಮೇಲೆ ಹಾಕಿದರೆ ಅದು ತೆರೆಯದೆ ಸಿಕ್ಕಿಕೊಂಡ ದಿನ ಎಂಜಿನ್ ಕಾಯುತ್ತಿದ್ದರೂ ನಿಮಗೆ ಗೊತ್ತಾಗುವುದಿಲ್ಲ. ತಾಮ್ರದ ನಳಿಕೆಯನ್ನು ಯಾವತ್ತೂ ಕತ್ತರಿಸಬೇಡಿ, ಮಡಚಬೇಡಿ. ಕತ್ತರಿಸಿದರೆ ಮೀಟರ್ ಮುಗಿಯಿತು. ಉಳಿದ ಉದ್ದವನ್ನು ದೊಡ್ಡ ಸುರುಳಿ ಮಾಡಿ ಕಟ್ಟಿ, ಸೈಲೆನ್ಸರ್ ಪೈಪ್‌ನಿಂದ ದೂರ ಇಡಿ. ತಗಡಿನೊಳಗೆ ತೂರಿಸುವ ಕಡೆ ರಬ್ಬರ್ ಗ್ರೋಮೆಟ್ (ತೂತಿನ ಅಂಚಿಗೆ ಕೂರುವ ಬಳೆ) ಹಾಕಲೇಬೇಕು.

ಎಲೆಕ್ಟ್ರಿಕ್ ಸೆಂಡರ್ ಸಾಮಾನ್ಯವಾಗಿ ತನ್ನ ಚೂಡಿಗಳ (ಥ್ರೆಡ್) ಮೂಲಕವೇ ಎಂಜಿನ್‌ಗೆ ಅರ್ಥ್ ಆಗುತ್ತದೆ. ಟೆಫ್ಲಾನ್ ಟೇಪ್ ದಪ್ಪಗೆ ಸುತ್ತಿದರೆ ಆ ಅರ್ಥೇ ಸಿಗುವುದಿಲ್ಲ, ಮುಳ್ಳು ಮನಸ್ಸಿಗೆ ಬಂದಂತೆ ಆಡುತ್ತದೆ. ಆಯಿಲ್ ವಾರ್ನಿಂಗ್ ದೀಪದ ಸ್ವಿಚ್ ತೆಗೆದು ಎಸೆಯಬೇಡಿ. ಟಿ ಜಾಯಿಂಟ್ ಹಾಕಿ, ಸೆಂಡರ್ ಮತ್ತು ಸ್ವಿಚ್ ಎರಡನ್ನೂ ಉಳಿಸಿಕೊಳ್ಳಿ. ಓಡಿಸುವಾಗ ಕಣ್ಣು ರಸ್ತೆ ಮೇಲಿರುತ್ತದೆ, ಕೆಂಪು ದೀಪ ಬೇಗ ಕಾಣುತ್ತದೆ ಅಲ್ವಾ? ಮೀಟರ್‌ಗಳಿಗೆ ಇಗ್ನಿಷನ್ ಸ್ವಿಚ್‌ನಿಂದ ಲೈನ್ ತಗೊಂಡು ಸಣ್ಣ ಫ್ಯೂಸ್ ಹಾಕಿ. ಮರ, ಫೈಬರ್ ಡ್ಯಾಶ್‌ಬೋರ್ಡ್ ಆದರೆ ಪ್ರತ್ಯೇಕ ಅರ್ಥ್ ವೈರ್ ಎಳೆಯಿರಿ. ಶಹಾಬಾದ್, ವಾಡಿ, ಸೇಡಂ ಕಡೆ ಕಲ್ಲು, ಸಿಮೆಂಟಿನ ಧೂಳು ಜಾಸ್ತಿ. ಅಲ್ಲಿ ಓಡಾಡುವ ಗಾಡಿಯ ಕನೆಕ್ಟರ್‌ಗಳಿಗೆ ರಬ್ಬರ್ ಬೂಟ್ (ಧೂಳು ತಡೆಯುವ ಕವರ್) ಇರಲಿ.

ಬೋರ್‌ವೆಲ್ ನೀರು ಬೇಡ, ಕೂಲಂಟ್ ತುಂಬಿ. ಉಪ್ಪಿನ ಪದರ ಬಲ್ಬ್ ಮೇಲೆ ಕೂತರೆ ಮೀಟರ್ ತಡವಾಗಿ ತೋರಿಸುತ್ತದೆ. ಸ್ಟಾರ್ಟ್ ಮಾಡಿದ ಕೂಡಲೇ ಆಯಿಲ್ ಮುಳ್ಳು ಏರಬೇಕು. ಏರದಿದ್ದರೆ ತಕ್ಷಣ ಆಫ್ ಮಾಡಿ. ಬಿಸಿ ಎಂಜಿನ್‌ನಲ್ಲಿ ಪ್ರತಿ 1000 ಆರ್‌ಪಿಎಂಗೆ ಸುಮಾರು 10 ಪಿಎಸ್‌ಐ (ಪ್ರೆಶರ್‌ನ ಅಳತೆ) ಎಂಬುದು ಮೆಕ್ಯಾನಿಕ್‌ಗಳ ಹಳೇ ಲೆಕ್ಕ. ಸರಿಯಾದ ಅಂಕಿ ನಿಮ್ಮ ಗಾಡಿಯ ಮ್ಯಾನುಯಲ್‌ನಲ್ಲಿರುತ್ತದೆ. 12 ವೋಲ್ಟ್ ಗಾಡಿಯ ವೋಲ್ಟ್ ಮೀಟರ್ ಎಂಜಿನ್ ಓಡುವಾಗ 13.8ರಿಂದ 14.4 ತೋರಿಸಬೇಕು. ರಿಂಗ್ ರೋಡ್‌ನಲ್ಲಿ ಒಂದು ಸುತ್ತು ಹಾಕಿ ಬಂದು, ಎಂಜಿನ್ ತಣ್ಣಗಾದ ಮೇಲೆ ಎಲ್ಲ ಜಾಯಿಂಟ್‌ಗಳಿಗೂ ಕೈ ಆಡಿಸಿ ಲೀಕ್ ಇದೆಯಾ ನೋಡಿ. ಕೂಲಂಟ್ ಮಟ್ಟ ಇಳಿದಿದ್ದರೆ ತುಂಬಿ.